ಪ್ಲಗ್ ಕಿತ್ತ ಕೈ

ಡಿಸೆಂಬರಿನ ಕೊನೇ ವಾರ ನಾವು ಎಂಟು ಜನ ಒಂದು ತಾರಸಿಯ ಮೇಲೆ ಸೇರುತ್ತೇವೆ. ಗಿಟಾರಿನವರು ಇಬ್ಬರು, ಹಾಡುವವರು ಇಬ್ಬರು, ಡ್ರಮ್ಸ್ ಒಬ್ಬ, ಕೀಬೋರ್ಡ್ ಒಬ್ಬ, ಸೌಂಡ್ ನೋಡಿಕೊಳ್ಳುವವನೊಬ್ಬ, ಇವರಿಗೆಲ್ಲ ಜಾಗ ಹುಡುಕುವ, ಟಿಕೆಟ್ ಮಾರುವ, ಠಾಣೆಗೆ ಅಲೆಯುವ ನಾನು. ಪೋಸ್ಟರಿನಲ್ಲಿ ನನ್ನ ಹೆಸರಿನ ಪಕ್ಕ ‘ಪ್ರೊಮೋಟರ್’ ಅಂತ ಇರುತ್ತದೆ. ನಮ್ಮಮ್ಮ ಮಾತ್ರ ಯಾರಾದರೂ ಕೇಳಿದರೆ ‘ಅದೇನೋ ಪ್ರೋಗ್ರಾಂ ಮಾಡಿಸ್ತಾನೆ’ ಅನ್ನುತ್ತಾರೆ. ಅಮ್ಮನ ಮಾತೇ ಸರಿ.

ಮೊದಲು ಲೆಕ್ಕ, ಆಮೇಲೆ ಹಾಡು. ವರ್ಷಪೂರ್ತಿ ಬರೆದಿಟ್ಟ ನೋಟ್‌ಬುಕ್ ತೆಗೆಯುತ್ತೇನೆ. ಒಂದು ಪುಟ ಓದಿದರೆ ಸಾಕು, ಉಳಿದವೆಲ್ಲ ಅದರ ನಕಲು. ಎಂಬತ್ತು ಟಿಕೆಟ್, ಒಂದಕ್ಕೆ 499 ರೂಪಾಯಿ. 500ರವರೆಗೆ ಸಂಗೀತದ ಟಿಕೆಟ್ಟಿಗೆ ಜಿಎಸ್‌ಟಿ ಇಲ್ಲ, ದಾಟಿದರೆ ನೂರಕ್ಕೆ 18. ಅದಕ್ಕೇ ಈ ಬಾಟಾ ಅಂಗಡಿ ದರ. ಬಂದದ್ದು 39,920. ಹಾಲ್ ಬಾಡಿಗೆ 15,000. ಸ್ಪೀಕರ್, ಮಿಕ್ಸರ್, ಮೈಕು, ಅದನ್ನೆಲ್ಲ ಹೊತ್ತು ತಂದ ಟೆಂಪೊ ಸೇರಿ 12,000. ನುಡಿಸಿದ ನಾಲ್ವರಿಗೆ ತಲಾ 2,000. ಟಿಕೆಟ್ ಆ್ಯಪಿನ ಕಮಿಷನ್, ಪೋಸ್ಟರ್, ಊಟ 3,500. ಉಳಿದದ್ದು 1,420. ‘ಇತರೆ’ ಅನ್ನುವ ಕಾಲಂ ಇನ್ನೂ ತುಂಬಿಲ್ಲ. ಇತರೆ ಅಂದರೇನು ಅಂತ ಈ ಊರಿನಲ್ಲಿ ಒಂದು ದಿನವಾದರೂ ಅಂಗಡಿ ಬಾಗಿಲು ತೆಗೆದವರಿಗೆ ಬಿಡಿಸಿ ಹೇಳಬೇಕಿಲ್ಲ.

ದುಡ್ಡಿನ ಗೋಳು ಹೇಳಿಕೊಳ್ಳಲು ನಾನು ಕೂತಿಲ್ಲ. ಈ ಕಸುಬಿಗೆ ನಮ್ಮನ್ನು ಯಾರೂ ಕೈಹಿಡಿದು ಎಳೆದು ತಂದಿಲ್ಲ, ಬಂದೆವು, ಇದ್ದೇವೆ. ನನ್ನ ಸಿಟ್ಟು ಇರುವುದು ಅದೇ ನೋಟ್‌ಬುಕ್ಕಿನ ಹಿಂಬದಿಯಲ್ಲಿ. ಕೊನೆಯ ಹಾಳೆಯಿಂದ ತಿರುಗುಮುರುಗಾಗಿ ಇನ್ನೊಂದು ಪಟ್ಟಿ ಬರೆದುಕೊಂಡು ಬಂದಿದ್ದೇನೆ: ಒಂದು ಕಾಲಕ್ಕೆ ನುಡಿಸಿದ್ದ, ಈಗ ಇಲ್ಲದ ಜಾಗಗಳದ್ದು. ಮುಂದಿನಿಂದ ಷೋಗಳ ಲೆಕ್ಕ ಬರುತ್ತಿದೆ, ಹಿಂದಿನಿಂದ ಸತ್ತ ಜಾಗಗಳ ಲೆಕ್ಕ. ನಡುವೆ ಉಳಿದಿರುವುದು ನಾಲ್ಕೈದು ಹಾಳೆ.

ಆ ಪಟ್ಟಿಯಲ್ಲಿರುವ ಒಂದು ಜಾಗವನ್ನೂ ಯಾರೂ ಹಗೆಯಿಂದ ಮುಚ್ಚಿಸಲಿಲ್ಲ. ಹಗೆ ಇದ್ದಿದ್ದರೆ ಎದುರಾಳಿಯ ಮುಖವನ್ನಾದರೂ ನೋಡಬಹುದಿತ್ತು. ಇವು ಮುಚ್ಚಿದ್ದು ಒಂದು ಅರ್ಜಿ ನಮೂನೆಯಲ್ಲಿ ನಮ್ಮ ಹೆಸರಿಗೆ ಕಾಲಂ ಇಲ್ಲದ್ದರಿಂದ, ಯಾವುದೋ ಸಿಟ್ಟಿನ ಸುತ್ತೋಲೆ ನಮ್ಮ ಮೇಲೂ ಹಾದುಹೋದದ್ದರಿಂದ. ಬೇಲಿ ಸವರುವ ಕುಡುಗೋಲಿಗೆ ಪಕ್ಕದ ಮಲ್ಲಿಗೆ ಬಳ್ಳಿ ಸಿಕ್ಕಂತೆ. ಕೇಳಿದರೆ ‘ಅಯ್ಯೋ, ಅಲ್ಲಿ ಬಳ್ಳಿ ಇತ್ತಾ?’ ಅನ್ನುತ್ತಾರೆ. ಆ ‘ಇತ್ತಾ?’ ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ.

2025 ನಮಗೆ ಶುರುವಾದದ್ದೇ ಒಂದು ಕೇಬಲ್ ಕೀಳುವುದರಿಂದ. ಫೆಬ್ರವರಿ 9, ಭಾನುವಾರ. ಚರ್ಚ್ ಸ್ಟ್ರೀಟಿನಲ್ಲಿ ಇಂಗ್ಲೆಂಡಿನ ಎಡ್ ಶೀರನ್ ಒಂದು ಗಿಟಾರ್, ಒಂದು ಮೈಕ್ ಇಟ್ಟುಕೊಂಡು ದಾರಿಹೋಕರಿಗೆ ಹಾಡುತ್ತಿದ್ದ. ಹಾಡಿನ ಮಧ್ಯಕ್ಕೆ ಒಬ್ಬ ಪೊಲೀಸ್ ಬಂದು ಕೇಬಲ್ ಕಿತ್ತ. ದನಿ ಅರ್ಧಕ್ಕೇ ನಿಂತಿತು. ಅನುಮತಿ ಇತ್ತು ಅಂತ ಹಾಡುಗಾರ ಹೇಳಿದ. ಕೇಳಿದ್ದರು, ನಾವು ಕೊಟ್ಟಿರಲಿಲ್ಲ, ಅದು ಜನ ಕಿಕ್ಕಿರಿಯುವ ಬೀದಿ ಅಂತ ಪೊಲೀಸರು ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಇಡೀ ದೇಶದ ಮೊಬೈಲಿನಲ್ಲಿ ಆ ವಿಡಿಯೊ. ಜನ ನಕ್ಕರು, ಬೆಂಗಳೂರಿನ ಮಾನ ಹೋಯಿತು ಅಂತ ಕೆಲವರು ಕೊರಗಿದರು. ಹಾಡುಗಾರ ಹೋಗಿ ಸಂಜೆ ತನ್ನ ದೊಡ್ಡ ಕಚೇರಿ ಮುಗಿಸಿದ. ಅವನಿಗೇನೂ ನಷ್ಟವಾಗಲಿಲ್ಲ.

ಆ ವಿಡಿಯೊ ನೋಡಿ ನಾವು ಎಂಟೂ ಜನ ನಗಲಿಲ್ಲ. ಆ ಕೈಯ ಗುರುತು ನಮಗಿತ್ತು. ಆ ಪೊಲೀಸಪ್ಪನ ಮೇಲೆ ನನಗೆ ಕೋಪವಿಲ್ಲ. ಭಾನುವಾರವೂ ಮನೆ ಬಿಟ್ಟು ಬಂದು ಬಿಸಿಲಲ್ಲಿ ನಿಂತವನು, ಮೇಲಿನಿಂದ ಬಂದ ಮಾತು ಪಾಲಿಸಿದ. ಕೋಪ ಬಂದದ್ದು ಆ ಸಲೀಸಿಗೆ. ಹಾಡು ಒಂದು ಚರಣ ಮುಗಿಸಿಕೊಳ್ಳಲಿ, ಆಮೇಲೆ ಹೇಳೋಣ ಅನ್ನುವಷ್ಟು ತಡೆ ಆ ಕೈಗಿರಲಿಲ್ಲ. ನಲ್ಲಿ ಸೋರುತ್ತಿದೆ, ತಿರುಗಿಸು. ಫ್ಯಾನ್ ಸುಮ್ಮನೆ ತಿರುಗುತ್ತಿದೆ, ಆರಿಸು. ಹಾಗೆ ಆರಿಸಿದ್ದು. ಜಗತ್ಪ್ರಸಿದ್ಧನಿಗೆ ಹೀಗಾದರೆ, ಮೈಸೂರಿನಿಂದ ಬೆಳಗಿನ ಪ್ಯಾಸೆಂಜರ್ ಹಿಡಿದು ಗಿಟಾರ್ ಹೊತ್ತು ಬಂದ ಹುಡುಗನಿಗೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ವಿಡಿಯೊ ಕೂಡ ಆಗುತ್ತಿರಲಿಲ್ಲ.

ಆ ಕೈಗೆ ಇಪ್ಪತ್ತು ವರ್ಷದ ಅಭ್ಯಾಸವಿದೆ. 2005ರಲ್ಲಿ ಬೆಂಗಳೂರು ನಗರ ಪೊಲೀಸ್ ಕಮಿಷನರ್ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಒಂದು ಆದೇಶ ಹೊರಡಿಸಿದರು, ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿ ಮತ್ತು ನಿಯಂತ್ರಣದ ಆದೇಶ. ಆ ಕಾಲದಲ್ಲಿ ನಗರದ ಬಾರುಗಳಲ್ಲಿ ‘ಲೈವ್ ಬ್ಯಾಂಡ್’ ಎಂಬ ಬೋರ್ಡಿನ ಕೆಳಗೆ ಹೆಣ್ಣುಮಕ್ಕಳ ನೃತ್ಯ ನಡೆಯುತ್ತಿತ್ತು, ಅದನ್ನು ನಿಲ್ಲಿಸಬೇಕೆಂಬ ಕೂಗಿತ್ತು. ಆದೇಶದ ಕಣ್ಣಿದ್ದದ್ದು ಅಲ್ಲಿ. ಆದರೆ ಅದು ಬೀಸಿದ ಬಲೆಯಲ್ಲಿ ಕ್ಯಾಬರೆ, ಡಿಸ್ಕೊ, ಲೈವ್ ಬ್ಯಾಂಡ್ ಮೂರೂ ಒಂದೇ ಕಣ್ಣಿಯೊಳಗೆ ಸಿಕ್ಕವು. ನಾಲ್ಕು ಜನ ಕೂತು ತಬಲಾ, ಗಿಟಾರ್ ನುಡಿಸಿದರೂ ಅದು ‘ಬ್ಯಾಂಡ್’, ಮತ್ತು ಅದು ‘ಲೈವ್’.

ಇಲ್ಲಿ ನಾನು ಒಂದು ತಪ್ಪೊಪ್ಪಿಗೆ ಬರೆಯಬೇಕು. 2005ರಲ್ಲಿ ನಾನು ಇಪ್ಪತ್ತರ ಹುಡುಗ, ಬಾಸ್ ಗಿಟಾರ್ ಕಲಿಯುತ್ತಿದ್ದೆ. ನಮ್ಮ ಗುಂಪಿನಲ್ಲಿ ಆ ಆದೇಶದ ಸುದ್ದಿ ಬಂದಾಗ ನಾನೇ ಹೇಳಿದ್ದೆ, ‘ಅದು ಡಾನ್ಸ್ ಬಾರಿನವರ ವಿಷಯ ಬಿಡ್ರೋ, ನಮಗೇನು.’ ಆ ಹೆಣ್ಣುಮಕ್ಕಳಿಗೂ ಅದು ಅನ್ನವಾಗಿತ್ತು ಅಂತ ಹೊಳೆಯಲಿಲ್ಲ. ನಾವು ಕಲಾವಿದರು, ಅವರು ಮತ್ತೇನೋ. ಆ ಮಾತು ನನ್ನ ಬಾಯಿಂದಲೇ ಬಂತು ಅನ್ನುವುದು ಈ ಇಪ್ಪತ್ತು ವರ್ಷದ ಲೆಕ್ಕದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆ ತರಿಸುವ ಕಾಲಂ.

ಆದೇಶ ನ್ಯಾಯಾಲಯದ ಮೆಟ್ಟಿಲೇರಿತು. ವರ್ಷಗಟ್ಟಲೆ ನಡೆಯಿತು. 2018ರ ಜನವರಿ 25ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ಮಳೆಗಾಲಕ್ಕೆ ಪೊಲೀಸರು ನಗರದ ಪಬ್ಬು, ಹೋಟೆಲುಗಳಿಗೆ ಹೋಗಿ ಪರವಾನಗಿ ತೋರಿಸಿ ಅನ್ನತೊಡಗಿದರು. ಪರವಾನಗಿಗೆ ಅರ್ಜಿ ಹಾಕೋಣ ಅಂದರೆ ಅದಕ್ಕೆ ಅಗ್ನಿಶಾಮಕದವರ ಎನ್‌ಒಸಿ ಬೇಕು, ಕಟ್ಟಡದ ಓಸಿ ಬೇಕು.

ಓಸಿ! ನಮ್ಮೂರ ಕಡೆ ಓಸಿ ಅಂದರೆ ಮಟ್ಕಾ. ಚೀಟಿ ಬರೆಸಿದರೆ ಸಂಜೆಗೆ ನಂಬರ್ ಗೊತ್ತಾಗುತ್ತದೆ. ಬೆಂಗಳೂರಿನ ಓಸಿ ಅಂದರೆ ಸ್ವಾಧೀನಾನುಭವ ಪತ್ರ. ಇದರ ನಂಬರ್ ಯಾವತ್ತು ಬೀಳುತ್ತದೆಂದು ಯಾರಿಗೂ ಗೊತ್ತಿಲ್ಲ. ನಕ್ಷೆಗೂ ಕಟ್ಟಡಕ್ಕೂ ಸಂಬಂಧವೇ ಇಲ್ಲದ ಊರು ಇದು. ಅದು ಸರ್ಕಾರಕ್ಕೂ ಗೊತ್ತು. ಗೊತ್ತಿರುವುದಕ್ಕೇ 2025ರಲ್ಲಿ 1,200 ಚದರಡಿವರೆಗಿನ ನಿವೇಶನದ ಮನೆಗಳಿಗೆ ಓಸಿ ಕಡ್ಡಾಯವಲ್ಲ ಅಂತ ವಿನಾಯಿತಿ ಕೊಟ್ಟಿತು. ಒಳ್ಳೆಯದೇ, ಜನರಿಗೆ ಕರೆಂಟು ನೀರು ಬೇಕು. ನನ್ನ ಪ್ರಶ್ನೆ ಇಷ್ಟೆ. ಓಸಿ ಇಲ್ಲದ ಕಟ್ಟಡದಲ್ಲಿ ಬಟ್ಟೆ ಮಾರಬಹುದು, ಬಿರಿಯಾನಿ ಬೇಯಿಸಬಹುದು, ಟ್ಯೂಷನ್ ಹೇಳಬಹುದು, ನೂರು ಜನ ಕೂತು ಕಂಪ್ಯೂಟರ್ ಕುಟ್ಟಬಹುದು. ಅದೇ ಕಟ್ಟಡದಲ್ಲಿ ಒಬ್ಬಳು ವೀಣೆಗೆ ಪಿಕಪ್ ಹಚ್ಚಿ ನುಡಿಸಿದರೆ ಮಾತ್ರ ಕಟ್ಟಡ ಅಪಾಯಕಾರಿಯಾಗುತ್ತದೆಯೆ? ಬೆಂಕಿ ಬಿದ್ದರೆ ಹೊರಗೋಡಲು ಎರಡು ಬಾಗಿಲಿರಲಿ ಅನ್ನಿ, ಮೊದಲು ಒಪ್ಪುವವನು ನಾನು. ಬಾಗಿಲು ಎಷ್ಟಿವೆ ಅಂತ ಎಣಿಸಲು ಇಷ್ಟು ವರ್ಷದಲ್ಲಿ ಒಬ್ಬರೂ ಬರಲಿಲ್ಲ. ಬಂದವರೆಲ್ಲ ಕೇಳಿದ್ದು ಕಾಗದ.

ಪಬ್ಬಿನ ಮಾಲೀಕರಿಗೆ ಲೆಕ್ಕ ಬೇಗ ಅರ್ಥವಾಯಿತು. ಬ್ಯಾಂಡ್ ಕರೆದರೆ ಪರವಾನಗಿ, ತಕರಾರು, ಠಾಣೆ. ಟಿವಿ ಹಾಕಿ ಕ್ರಿಕೆಟ್ ತೋರಿಸಿದರೆ ಏನೂ ಇಲ್ಲ. ವೇದಿಕೆ ಇದ್ದ ಮೂಲೆಯಲ್ಲಿ ನಾಲ್ಕು ಟೇಬಲ್ ಬಂದವು. ಈಗ ನಗರದಲ್ಲಿ ರಾತ್ರಿ ಒಂದರವರೆಗೆ ಕುಡಿಯಬಹುದು. 2024ರಲ್ಲಿ ಸರ್ಕಾರವೇ ಆದೇಶ ಮಾಡಿದೆ. ಕುಡಿಯಲು ಹೊತ್ತು ಹೆಚ್ಚಿತು. ಕೇಳಲು?

ಇಂದಿರಾನಗರದ ಹಮ್ಮಿಂಗ್ ಟ್ರೀ 2013ರಲ್ಲಿ ತೆರೆದು 2019ರಲ್ಲಿ ಮುಚ್ಚಿತು. ಅಲ್ಲಿ ನುಡಿಸಿದವರನ್ನು, ಅಲ್ಲಿ ನಿಂತು ಬೆವರಿ ಕೇಳಿದವರನ್ನು ಕೇಳಿ ನೋಡಿ, ಸತ್ತ ನೆಂಟರ ಬಗ್ಗೆ ಮಾತಾಡುವ ಹಾಗೆ ಮಾತಾಡುತ್ತಾರೆ. ನನ್ನ ಪಟ್ಟಿಯಲ್ಲಿ ಅದಕ್ಕಿಂತ ಹಿಂದಿನವೂ ಇವೆ, ಈಚಿನವೂ ಇವೆ, ಹೆಸರೇ ಇಲ್ಲದ ಕಾಫಿ ಅಂಗಡಿಯ ಮಹಡಿಗಳೂ ಇವೆ. ಎಂಬತ್ತು ಜನ ಹಿಡಿಸುವ ಕೋಣೆ ಏನು ಮಾಡುತ್ತದೆ ಗೊತ್ತೆ? ಅದು ಕೆಟ್ಟದಾಗಿ ನುಡಿಸಲು ಜಾಗ ಕೊಡುತ್ತದೆ. ತಾಳ ತಪ್ಪಿದ್ದು, ಮಾತು ಮರೆತದ್ದು, ಮೂರನೇ ಹಾಡಿಗೆ ತಂತಿ ಹರಿದದ್ದು, ಇವೆಲ್ಲ ಆಗಬೇಕಾದದ್ದು ಎಂಬತ್ತು ಜನರ ಮುಂದೆ. ಕಂಪನಿ ನಾಟಕದವರು ಹೊಸ ಹುಡುಗನನ್ನು ಮೊದಲು ಪರದೆ ಎಳೆಯಲು ಹಚ್ಚುತ್ತಿದ್ದರು, ಮೊದಲ ದಿನವೇ ಹರಿಶ್ಚಂದ್ರನ ಪಾರ್ಟು ಕೊಡುತ್ತಿರಲಿಲ್ಲ. ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ 1996ರಲ್ಲಿ ಬೆಂಗಳೂರಿನ ಕಾಲೇಜು ಹುಡುಗರು ಕಟ್ಟಿದ ತಂಡ. ರಘು ದೀಕ್ಷಿತ್ ಶಿಶುನಾಳ ಷರೀಫರನ್ನು ಗಿಟಾರಿನ ಮೇಲೆ ಕೂರಿಸಿ ಊರೂರು ಸುತ್ತಿದರು. ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಸ್ವರಾತ್ಮ ತಂಡ ಜಾನಪದದ ಜೊತೆ ರಾಕ್ ಬೆರೆಸಿತು. ಇವರಲ್ಲಿ ಯಾರೂ ಮೊದಲ ದಿನವೇ ಅರಮನೆ ಮೈದಾನದಲ್ಲಿ ನಿಂತವರಲ್ಲ. ಇಂದು ಹದಿನೆಂಟು ತುಂಬಿದ ಹುಡುಗಿಗೆ ಆ ಮೊದಲ ದಿನ ಎಲ್ಲಿದೆ, ಹೇಳಿ.

ಸದ್ದಿನ ಮಾತಿಗೆ ಬರೋಣ. ಇಲ್ಲದಿದ್ದರೆ ನಾನು ಒಂದೇ ಕಡೆ ಮಾತಾಡಿದೆ ಅನ್ನುತ್ತೀರಿ. ಪಬ್ಬಿನ ಹಿಂದಿನ ಬೀದಿಯಲ್ಲಿ ಮಲಗಿದ ಅಜ್ಜಿಗೆ ನಿದ್ದೆ ಬೇಕು. ಮರುದಿನ ಪರೀಕ್ಷೆ ಇರುವ ಮಗುವಿಗೆ ನಿಶ್ಶಬ್ದ ಬೇಕು. ಅದಕ್ಕೆ ನಾನು ಎದುರಾಡುವುದಿಲ್ಲ. ಶಬ್ದಮಾಲಿನ್ಯ ನಿಯಮ ಬಂದದ್ದು 2000ದಲ್ಲಿ. ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬೆಲ್, ರಾತ್ರಿ 45. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಇಲ್ಲ. ಅದೇ ನಿಯಮದಲ್ಲಿ, ಮುಚ್ಚಿದ ಸಭಾಂಗಣದ ಒಳಗೆ ನಡೆಯುವುದಕ್ಕೆ ವಿನಾಯಿತಿಯಿದೆ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆ ವರ್ಷಕ್ಕೆ 15 ದಿನ ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡಲು ರಾಜ್ಯ ಸರ್ಕಾರಕ್ಕೆ ಅಧಿಕಾರವಿದೆ. ನಿಯಮ ಬರೆದವರು ಯೋಚಿಸಿಯೇ ಬರೆದಿದ್ದಾರೆ. ಅದನ್ನು ಜಾರಿ ಮಾಡುವವರ ಕೈಯಲ್ಲಿ ನಾನು ಇಷ್ಟು ವರ್ಷದಲ್ಲಿ ಡೆಸಿಬೆಲ್ ಅಳೆಯುವ ಮೀಟರ್ ನೋಡಿದ್ದು ಒಂದೇ ಸಲ, ಅದೂ ಬ್ಯಾಟರಿ ಇಲ್ಲದ್ದು.

ಹೊಯ್ಸಳ ಅಂದರೆ ನಿಮಗೆ ಬೇಲೂರು ನೆನಪಾಗಬಹುದು, ನಾಟ್ಯರಾಣಿ ಶಾಂತಲೆ ನೆನಪಾಗಬಹುದು. ನಮಗೆ ನೆನಪಾಗುವುದು ರಾತ್ರಿ ಹತ್ತಕ್ಕೆ ಬಂದು ನಿಲ್ಲುವ ಪೊಲೀಸ್ ಗಾಡಿ. ಆ ಹೆಸರಿಟ್ಟವರಿಗೆ ವ್ಯಂಗ್ಯ ಗೊತ್ತಿರಲಿಲ್ಲವೋ, ತುಂಬ ಚೆನ್ನಾಗಿ ಗೊತ್ತಿತ್ತೋ.

ನಮ್ಮ ಎಂಟು ಜನರಲ್ಲಿ ಕೀಬೋರ್ಡಿನವನ ಕಥೆ ಬೇರೆ. ಅವನು ಬಂದದ್ದು ಪಬ್ಬಿನಿಂದಲ್ಲ, ಆರ್ಕೆಸ್ಟ್ರಾದಿಂದ. ಆರ್ಕೆಸ್ಟ್ರಾ ಅಂದರೆ ಏನು ಅಂತ ಕನ್ನಡದವರಿಗೆ ಗೊತ್ತು. ಗಣೇಶನ ಪೆಂಡಾಲು, ಅಣ್ಣಮ್ಮನ ಉತ್ಸವ, ನವೆಂಬರಿನ ರಾಜ್ಯೋತ್ಸವ. ಬೀದಿಗೆ ಅಡ್ಡ ಕಟ್ಟಿದ ವೇದಿಕೆ, ಹಳದಿ ಕೆಂಪು ಪರದೆ, ಮುಂದಿನ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮುಖಂಡರು, ಹಿಂದೆ ಮನೆ ಮೆಟ್ಟಿಲ ಮೇಲೆ ಮಡಿಲಲ್ಲಿ ಮಗು ಮಲಗಿಸಿಕೊಂಡ ಹೆಂಗಸರು. ಡ್ರಮ್ಸ್, ರಿದಮ್ ಪ್ಯಾಡ್, ತಬಲಾ, ಎರಡು ಕೀಬೋರ್ಡ್, ಬಾಸ್, ಒಬ್ಬ ಕೊಳಲಿನವನು. ರಾಜನ್–ನಾಗೇಂದ್ರ ಅವರ ಹಾಡಿನಲ್ಲಿ ಬರುವ ಅಷ್ಟೂ ಪಿಟೀಲನ್ನು ಇವನು ಎರಡು ಕೈಯಲ್ಲಿ ತರಬೇಕು. ಒಂದು ಸ್ವರ ಬಿಟ್ಟರೂ ಮೆಟ್ಟಿಲ ಮೇಲೆ ಕೂತ ಹೆಂಗಸಿಗೆ ಗೊತ್ತಾಗುತ್ತಿತ್ತು, ಅವಳು ಆ ಹಾಡನ್ನು ರೇಡಿಯೊದಲ್ಲಿ ಸಾವಿರ ಸಲ ಕೇಳಿದ್ದಾಳೆ. ಹಂಸಲೇಖ ಅವರ ಹಾಡಿನ ತಾಳ ಬದಲಾಗುವ ಜಾಗದಲ್ಲಿ ಡ್ರಮ್ಮರ್ ಜೊತೆ ಕಣ್ಣಲ್ಲೇ ಮಾತಾಡಿಕೊಳ್ಳಬೇಕು. ಹದಿನಾರನೇ ವಯಸ್ಸಿಗೆ ಇವನು ಶ್ರೀರಾಂಪುರದ ಒಂದು ವೇದಿಕೆಯ ಮೇಲೆ ಅದನ್ನು ಮಾಡುತ್ತಿದ್ದ. ಯಾವ ಕನ್ಸರ್ವೇಟರಿ ಕಲಿಸುತ್ತದೆ ಅದನ್ನು?

ಅವರ ವೇದಿಕೆಗಳೂ ಹೋದವು. ಮೊದಲು ವಾದ್ಯದವರು ಕಡಿಮೆಯಾದರು, ಆರರ ಬದಲು ಮೂವರು, ಮೂವರ ಬದಲು ಒಂದು ಲ್ಯಾಪ್‌ಟಾಪಿನಲ್ಲಿ ಟ್ರ್ಯಾಕ್. ಆಮೇಲೆ ಟ್ರ್ಯಾಕಿನ ಬದಲು ಡಿಜೆ. ಸಮಿತಿಯವರಿಗೆ ಅಗ್ಗ, ಹುಡುಗರಿಗೆ ಕುಣಿಯಲು ಬೇಕಾದ ಸದ್ದು. ಕೊರೊನಾ ಬಂದ ಎರಡು ವರ್ಷ ಗಣೇಶನೂ ಇಲ್ಲ, ರಾಜ್ಯೋತ್ಸವವೂ ಇಲ್ಲ. ಇವನು ಎರಡು ಕೀಬೋರ್ಡಿನಲ್ಲಿ ಒಂದನ್ನು ಮಾರಿ ಬಾಡಿಗೆ ಕಟ್ಟಿದ. ಕೊಳಲಿನವನು ಈಗ ಆಟೊ ಓಡಿಸುತ್ತಾನೆ. ಹಿಂದಿನ ಸೀಟಿನವರು ಇಯರ್‌ಫೋನ್ ಹಾಕಿಕೊಂಡು ಏನು ಕೇಳುತ್ತಿದ್ದಾರೋ ಅಂತ ಕನ್ನಡಿಯಲ್ಲಿ ನೋಡುತ್ತಾನಂತೆ.

ಇವರನ್ನು ಯಾರೂ ‘ಇಂಡಿಪೆಂಡೆಂಟ್ ಮ್ಯುಸಿಷಿಯನ್’ ಅನ್ನಲಿಲ್ಲ. ಆ ಹೆಸರು ಇಂದಿರಾನಗರದ ನಮಗೆ. ಯಾವ ಕಂಪನಿಯ ಸಂಬಳವೂ ಇಲ್ಲದೆ, ತಾನೇ ವಾದ್ಯ ಕೊಂಡು, ತಾನೇ ಗೊತ್ತು ಮಾಡಿಕೊಂಡು, ರಾತ್ರಿ ಎರಡಕ್ಕೆ ಗೂಡ್ಸ್ ಗಾಡಿಯಲ್ಲಿ ಆಂಪ್ಲಿಫೈಯರ್ ಮೇಲೆ ಮಲಗಿ ಮನೆಗೆ ಬರುವವನಿಗಿಂತ ಸ್ವತಂತ್ರ ಯಾರು? ಆದರೆ ನಾವು ಅವರ ಕಡೆ ತಿರುಗಿಯೂ ನೋಡಲಿಲ್ಲ. ಅವರು ಕವರ್ ನುಡಿಸುವವರು, ನಾವು ಒರಿಜಿನಲ್ಸ್. ನಮ್ಮ ಪೋಸ್ಟರ್ ಇಂಗ್ಲಿಷಿನಲ್ಲಿ, ವೇದಿಕೆಯ ಮಾತು ಇಂಗ್ಲಿಷಿನಲ್ಲಿ, ಜಗಳ ಕೂಡ ಇಂಗ್ಲಿಷಿನಲ್ಲಿ. ಎಂಟು ಕಿಲೊಮೀಟರ್ ಆಚೆಯ ಬೀದಿಗೆ ನಾವು ಇದ್ದೇವೆಂದೇ ಗೊತ್ತಿರಲಿಲ್ಲ. 2018ರಲ್ಲಿ ನಮ್ಮ ವೇದಿಕೆಗಳು ಹೋಗುವಾಗ ಕನ್ನಡದ ಪತ್ರಿಕೆಗಳು ಒಳಪುಟದಲ್ಲಿ ನಾಲ್ಕು ಸಾಲು ಹಾಕಿದರೆ ಅದಕ್ಕೆ ಯಾರನ್ನು ದೂರುವುದು? ಪಬ್ಬಿನವರ ವಿಷಯ ಬಿಡ್ರೋ, ನಮಗೇನು ಅಂತ ಶ್ರೀರಾಂಪುರದಲ್ಲಿ ಯಾರೋ ಅಂದಿರುತ್ತಾರೆ. 2005ರಲ್ಲಿ ನಾನು ಅಂದ ಮಾತೇ ಅದು, ಸುತ್ತು ಹೊಡೆದು ಮನೆಗೆ ಬಂತು.

ಜಾಗ ಹೋದರೆ ಹೋಗಲಿ, ಹಾಡು ಉಳಿಯುತ್ತದೆ ಅನ್ನುವವರಿದ್ದಾರೆ. ಎಲ್ಲಿ ಉಳಿಯುತ್ತದೆ?

2009ರ ಒಂದು ಮಳೆ ರಾತ್ರಿ ನಮ್ಮ ತಂಡ ಜಯನಗರದ ಒಂದು ಸಣ್ಣ ಸಭಾಂಗಣದಲ್ಲಿ ನುಡಿಸಿದ್ದನ್ನು ಹನ್ನೆರಡು ಟ್ರ್ಯಾಕಿನಲ್ಲಿ ರೆಕಾರ್ಡ್ ಮಾಡಿದ್ದೆವು. ಮಿಕ್ಸ್ ಮಾಡಲು ದುಡ್ಡಿರಲಿಲ್ಲ, ಹಾರ್ಡ್ ಡಿಸ್ಕ್ ಸ್ಟುಡಿಯೊದಲ್ಲೇ ಬಿಟ್ಟೆವು. ಎರಡು ವರ್ಷದ ಮೇಲೆ ಹೋದಾಗ ಅಲ್ಲಿದ್ದ ಹುಡುಗ ‘ಫಾರ್ಮ್ಯಾಟ್ ಮಾಡ್ಬಿಟ್ವಿ ಸಾರ್, ಜಾಗ ಬೇಕಿತ್ತು’ ಅಂದ. ತುಂಬ ಮರ್ಯಾದೆಯಿಂದ ಅಂದ. ಕಾಫಿ ತರಿಸಿದ. ಅವತ್ತು ನಮ್ಮ ಜೊತೆ ಘಟ ನುಡಿಸಿದವರು ಈಗಿಲ್ಲ. ಅವರ ಬೆರಳು ಆ ಡಿಸ್ಕಿನಲ್ಲಿತ್ತು.

ಆಗ ನಾನು ಅದು ಒಬ್ಬ ಹುಡುಗನ ಅಜಾಗರೂಕತೆ ಅಂದುಕೊಂಡಿದ್ದೆ. 2019ರ ಮಾರ್ಚಿನಲ್ಲಿ ಮೈಸ್ಪೇಸ್ ಎಂಬ ಜಾಲತಾಣ ಒಂದು ಸಣ್ಣ ಸೂಚನೆ ಹಾಕಿತು: ಸರ್ವರ್ ಬದಲಿಸುವಾಗ ಹಳೆಯ ಫೋಟೊ, ವಿಡಿಯೊ, ಹಾಡುಗಳು ಕೈತಪ್ಪಿವೆ. ಕೈತಪ್ಪಿದ್ದು 2015ರವರೆಗಿನ ಹನ್ನೆರಡು ವರ್ಷಗಳ ಹಾಡು. ಸುಮಾರು 1 ಕೋಟಿ 40 ಲಕ್ಷ ಕಲಾವಿದರ 5 ಕೋಟಿ ಹಾಡು ಅಂತ ಅಂದಾಜು. ಜಗತ್ತಿನ ಮೂಲೆಮೂಲೆಯ ಗ್ಯಾರೇಜಿನ, ಹಾಸ್ಟೆಲಿನ, ಬಾಡಿಗೆ ಕೋಣೆಯ ಸಂಗೀತ. ಯಾರೋ ಪುಣ್ಯಾತ್ಮರು ಸಂಶೋಧನೆಗೆಂದು ಇಳಿಸಿಟ್ಟುಕೊಂಡಿದ್ದ 4,90,000 ಹಾಡು ಇಂಟರ್ನೆಟ್ ಆರ್ಕೈವ್‌ಗೆ ಸೇರಿದವು. ನೂರಕ್ಕೆ ಒಂದು ಲೆಕ್ಕ. ಅಲೆಕ್ಸಾಂಡ್ರಿಯದ ಗ್ರಂಥಾಲಯ ಸುಟ್ಟದ್ದಕ್ಕೆ ಇವತ್ತಿಗೂ ಜನ ಅಳುತ್ತಾರೆ. ಇದಕ್ಕೆ ಎರಡು ದಿನ ಸುದ್ದಿ. ಬೆಂಕಿಯೂ ಇರಲಿಲ್ಲ, ಹೊಗೆಯೂ ಇರಲಿಲ್ಲ.

ನಮ್ಮ ಬೆಂಗಳೂರಿನದ್ದೇ ಫ್ಲಿಪ್‌ಕಾರ್ಟ್ 2012ರ ಫೆಬ್ರವರಿಯಲ್ಲಿ ‘ಫ್ಲೈಟ್’ ಎಂಬ ಹಾಡಿನ ಅಂಗಡಿ ತೆರೆಯಿತು. ದುಡ್ಡು ಕೊಟ್ಟು ಹಾಡು ಇಳಿಸಿಕೊಳ್ಳಿ ಅಂದಿತು. 2013ರ ಜೂನಿನಲ್ಲಿ ಬಾಗಿಲು ಮುಚ್ಚಿತು. ಹಾಡು ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪ್ ಸಣ್ಣವರಿಗೆ ಸರಿಯಾಗಿ ದುಡ್ಡು ಕೊಡುತ್ತದೆ ಅಂತ ಹೆಸರಾಗಿತ್ತು. 2022ರಲ್ಲಿ ಒಂದು ವಿಡಿಯೊ ಗೇಮಿನ ಕಂಪನಿ ಅದನ್ನು ಕೊಂಡಿತು, ಮರುವರ್ಷವೇ ಇನ್ನೊಂದಕ್ಕೆ ಮಾರಿತು, ಕೈಬದಲಾದ ಕೂಡಲೇ ಅರ್ಧದಷ್ಟು ನೌಕರರು ಬೀದಿಗೆ. ಸ್ಪಾಟಿಫೈ 2024ರಿಂದ ಒಂದು ಗೆರೆ ಎಳೆಯಿತು: ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ರೆಕಾರ್ಡಿಂಗಿನ ರಾಯಧನ ಇಲ್ಲ. ಹೇಗಿದ್ದರೂ ಪುಡಿಗಾಸು, ಬ್ಯಾಂಕಿಗೂ ತಲುಪದಷ್ಟು ಅನ್ನುವುದು ಅವರ ವಾದ. ಪುಡಿಗಾಸೇ ಇರಲಿ, ಯಾರದ್ದು ಅದು? 999 ಸಲ ಕೇಳಿದ ತುಳು ಹಾಡಿನ ಕಾಸು ಎತ್ತಿ, ಕೋಟಿ ಸಲ ಕೇಳಿದ ಹಾಡಿನ ತಟ್ಟೆಗೆ ಬಡಿಸುವುದಕ್ಕೆ ಉಳಿತಾಯ ಅನ್ನುತ್ತಾರಂತೆ. ನಮ್ಮ ಕಡೆ ಅದಕ್ಕೆ ಬೇರೆ ಹೆಸರಿದೆ.

2025ರ ಜನವರಿ 28ರಂದು ಪ್ರಧಾನಿಗಳು ಭುವನೇಶ್ವರದಲ್ಲಿ ‘ಕನ್ಸರ್ಟ್ ಎಕಾನಮಿ’ಯ ಬಗ್ಗೆ ಮಾತಾಡಿದರು. ಆಗಷ್ಟೇ ಅಹಮದಾಬಾದಿನ ಕ್ರೀಡಾಂಗಣದಲ್ಲಿ ಕೋಲ್ಡ್‌ಪ್ಲೇ ನುಡಿಸಿ ಹೋಗಿತ್ತು. ಹೋಟೆಲು ತುಂಬುತ್ತದೆ, ವಿಮಾನ ತುಂಬುತ್ತದೆ, ದೇಶಕ್ಕೆ ಒಳ್ಳೆಯದು. ಇರಲಿ, ಒಪ್ಪಿದೆ. ಲಕ್ಷ ಜನ ಕೂತ ಕ್ರೀಡಾಂಗಣ ಎಕಾನಮಿ. ಎಂಬತ್ತು ಜನ ನಿಂತ ಕೋಣೆ? ಅದು ಪಬ್ಲಿಕ್ ನ್ಯೂಸೆನ್ಸ್. ಕೋಲ್ಡ್‌ಪ್ಲೇ ಕೂಡ ಒಂದು ಕಾಲಕ್ಕೆ ಲಂಡನ್ನಿನ ಸಣ್ಣ ಕೋಣೆಗಳಲ್ಲಿ ನುಡಿಸುತ್ತಿದ್ದ ಕಾಲೇಜು ಹುಡುಗರ ತಂಡ ಅನ್ನುವುದು ಭಾಷಣ ಬರೆದವರಿಗೆ ಹೊಳೆದಿರಲಿಕ್ಕಿಲ್ಲ.

ಅದೇ ವರ್ಷದ ಜೂನ್ 4. ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಬೆಂಗಳೂರಿನ ಕ್ರಿಕೆಟ್ ತಂಡ ಕಪ್ ಗೆದ್ದ ಮರುದಿನ, ಸಂಭ್ರಮಕ್ಕೆಂದು ಕರೆದು, ಎಷ್ಟು ಜನ ಬಂದಾರೆಂದು ಲೆಕ್ಕ ಹಾಕದೆ ಗೇಟಿನ ಮುಂದೆ ನಿಲ್ಲಿಸಿದರು. ಹೊರಗೆ ಉಸಿರು ಕಟ್ಟುತ್ತಿದ್ದಾಗ ಒಳಗೆ ಸಂಭ್ರಮ ನಡೆದೇ ಇತ್ತು. ಅವತ್ತು ಕೇಬಲ್ ಕೀಳುವ ಕೈ ಎಲ್ಲಿತ್ತು? ಚರ್ಚ್ ಸ್ಟ್ರೀಟಿನಿಂದ ಅಲ್ಲಿಗೆ ನಡೆದುಕೊಂಡೇ ಹೋಗಬಹುದು. ಒಂದು ಗಿಟಾರಿಗೆ ಜನ ಸೇರಿಯಾರೆಂದು ಫೆಬ್ರವರಿಯಲ್ಲಿ ಹೆದರಿದ ಊರು, ಜೂನಿನಲ್ಲಿ ಲಕ್ಷಗಟ್ಟಲೆ ಜನರನ್ನು ಬನ್ನಿ ಬನ್ನಿ ಅಂತ ಕರೆಯಿತು.

ಆಮೇಲೆ ಸರ್ಕಾರ ಎಚ್ಚೆತ್ತಿತು. ಆಗಸ್ಟ್‌ನಲ್ಲಿ ಜನಸಂದಣಿ ನಿಯಂತ್ರಣ ಮಸೂದೆ ಸದನಕ್ಕೆ ಬಂತು. ಮಂಡಿಸಿದ ಕರಡಿನಲ್ಲಿ 7,000 ಜನರವರೆಗಿನ ಕಾರ್ಯಕ್ರಮಕ್ಕೆ ಠಾಣೆಯಲ್ಲಿ, ಅದಕ್ಕೆ ಮೇಲ್ಪಟ್ಟು 50,000ದವರೆಗೆ ಡಿವೈಎಸ್‌ಪಿ ಹತ್ತಿರ, ಅದಕ್ಕೂ ಹೆಚ್ಚಾದರೆ ಇನ್ನೂ ಮೇಲಿನವರ ಹತ್ತಿರ ಅನುಮತಿ. ಸತ್ತ ಹನ್ನೊಂದು ಮಂದಿಯ ಹೆಸರಿನಲ್ಲಿ ಕಾನೂನು ಬರಲಿ, ಗಟ್ಟಿಯಾಗಿಯೇ ಬರಲಿ. ಆದರೆ ಆ ಏಣಿಯ ಕೆಳಗಿನ ಮೆಟ್ಟಿಲು ನೋಡಿ. 6,999 ಜನರೂ ಒಂದೇ, ನನ್ನ ಎಂಬತ್ತೂ ಒಂದೇ. ಮತ್ತೆ ಅದೇ ಠಾಣೆ, ಅದೇ ಬೆಂಚು, ಅದೇ ‘ಸಾಹೇಬ್ರು ರೌಂಡ್ಸಲ್ಲಿದಾರೆ, ನಾಳೆ ಬನ್ನಿ’. ನಾಡಿದ್ದು ಷೋ. ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ನನ್ನ ಹಳೇ ಅರ್ಜಿ ಯಾವ ಪಾಲಿಕೆಯ ಯಾವ ಟೇಬಲ್ಲಿನ ಮೇಲಿದೆ ಅಂತ ಹುಡುಕುವುದರಲ್ಲಿ ಅಕ್ಟೋಬರ್ ಕಳೆಯಿತು.

ನನಗೆ ಅನುದಾನ ಬೇಡ, ಪ್ರಶಸ್ತಿ ಬೇಡ, ರಾಜ್ಯೋತ್ಸವದ ಶಾಲು ಬೇಡ. ಇನ್ನೂರು ಜನಕ್ಕಿಂತ ಕಡಿಮೆ ಹಿಡಿಸುವ ಜಾಗಕ್ಕೆ ಒಂದು ಪುಟದ ಅರ್ಜಿ ಮಾಡಿ. ಬಾಗಿಲು ಎಷ್ಟು, ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿದೆ, ಗೋಡೆಯಾಚೆ ಸದ್ದು ಎಷ್ಟು ಕೇಳುತ್ತದೆ, ಮೂರು ಪ್ರಶ್ನೆ. ಬಂದು ನೋಡಿ, ಅಳೆಯಿರಿ, ಆಗಲ್ಲ ಅಂದರೆ ಆಗಲ್ಲ ಅನ್ನಿ. ಕಾರ್ಪೊರೇಷನ್ನಿನ ಸಮುದಾಯ ಭವನಗಳು ವಾರವಿಡೀ ಬೀಗ ಹಾಕಿಕೊಂಡು ಮದುವೆಗೆ ಕಾಯುತ್ತವೆ, ಬುಧವಾರ ಗುರುವಾರ ಬಾಡಿಗೆಗೆ ಕೊಡಿ. ಕೇಬಲ್ ಕೀಳುವುದೇ ಆದರೆ ಹಾಡು ಮುಗಿದ ಮೇಲೆ ಕೀಳಿ. ಇದನ್ನು ನಾನು ಮೂರು ಕಚೇರಿಗೆ ಬರೆದುಕೊಟ್ಟಿದ್ದೇನೆ. ಒಂದು ಕಡೆ ಮಾತ್ರ ಸ್ವೀಕೃತಿಯ ಸೀಲು ಬಿತ್ತು.

ಈ ಸಲ ತಾರಸಿಯ ಮೇಲೆ ಲೆಕ್ಕ ಮುಗಿಯುವಾಗ ಎಂಟೂವರೆ. ಚಳಿ ಇತ್ತು, ಯಾರೋ ಬಿಸಿ ಬಿಸಿ ಮೆಣಸಿನಕಾಯಿ ಬಜ್ಜಿ ತಂದರು. ಸಣ್ಣದೊಂದು ಸ್ಪೀಕರ್, ಕೀಬೋರ್ಡು, ಒಂದು ಮೈಕು. ಕೆಳಗಿನ ಮನೆಯ ಅಜ್ಜಿ ಮೆಟ್ಟಿಲು ಹತ್ತಿ ಬಂದು, ಶಾಲು ಹೊದ್ದು, ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತರು. ‘ನಿಲ್ಲಿಸಿ’ ಅನ್ನಲು ಬಂದರೇನೋ ಅಂತ ನಾವು ಕೈ ತಡೆದೆವು. ‘ಹಳೇದು ಯಾವ್ದಾದ್ರೂ ಬಾರಿಸಪ್ಪ’ ಅಂದರು. ಕೀಬೋರ್ಡಿನವನು ರಾಜನ್–ನಾಗೇಂದ್ರ ಎತ್ತಿಕೊಂಡ. ಪಿಟೀಲು ಅಷ್ಟೂ ಬಂತು. ಆಮೇಲೆ ಇನ್ನೊಂದು, ಅದಾದ ಮೇಲೆ ನಮ್ಮದೇ ಒಂದು ಹೊಸದು. ಅಜ್ಜಿ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು.

ಒಂಬತ್ತು ಐವತ್ತಕ್ಕೆ, ಹಾಡಿನ ಎರಡನೇ ಚರಣದ ನಡುವೆ, ಅವನು ಎದ್ದು ಹೋಗಿ ಗೋಡೆಯ ಪ್ಲಗ್ ಕಿತ್ತ.

ಕೆಳಗೆ ರಸ್ತೆ ಖಾಲಿ ಇತ್ತು. ಯಾವ ಗಾಡಿಯೂ ಬಂದಿರಲಿಲ್ಲ. ಅಜ್ಜಿ ಕಣ್ಣು ತೆರೆದು, ‘ಯಾಕಪ್ಪ, ಕರೆಂಟ್ ಹೋಯ್ತಾ?’ ಅಂದರು.